ಕರುವಿಗೂ ಬಿಡಬೇಕು, ಹುಳಕ್ಕೂ ಬಿಡಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಪ್ರತಿಯೊಬ್ಬ ನಿರ್ದೇಶಕರೂ ತಮಗೆ ತಿಳಿದ ಒಂದು ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಭಾಷಣ ಮಾಡಿ ರೂಢಿಯಿಲ್ಲ. ಹಾಲು, ಹಿಂಡಿ, ಬೋನಸ್ಸಿನ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ನಾನು ಜೇನಿನ ವಿಷಯ ಹೇಳುತ್ತೇನೆ. ಅದರ ಜೊತೆಗೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ. ಆ ತಪ್ಪು ಮಾಡಿದ್ದು ಇದೇ ಡೈರಿಯ ಅಂಗಳದಲ್ಲಿ, ಹತ್ತು ಜನರ ಎದುರಿಗೆ. ಹಾಗಾಗಿ ಅದನ್ನು ಒಪ್ಪಿಕೊಳ್ಳುವುದೂ ಇಲ್ಲಿಯೇ ಆಗಲಿ ಎಂದು ನನ್ನ ಆಸೆ.

ಜೇನು ನನಗೆ ಕಸುಬಲ್ಲ, ಹವ್ಯಾಸ. ಅಡಿಕೆ, ಭತ್ತ, ಎರಡು ಹಸು ನಮ್ಮ ಜೀವನ. ಜೇನಿನಿಂದ ಬರುವ ದುಡ್ಡು ಕೊಟ್ಟಿಗೆಯ ಹಿಂಡಿ ಖರ್ಚಿಗೂ ಸಾಲದು. "ದನ ಕಾಯೋದು ಸಾಲದು ಅಂತ ನಮ್ಮನೆಯವ್ರು ಹುಳ ಬೇರೆ ಕಾಯ್ತಾರೆ" ಎಂದು ನಮ್ಮ ಮನೆಯಾಕೆ ಬಂದವರಿಗೆಲ್ಲ ಹೇಳುವುದುಂಟು. ಮಾತು ನಿಜವೇ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವನು ಕ್ಯಾನು ತೊಳೆದಿಟ್ಟು ಮೊದಲು ಹೋಗುವುದೇ ಪೆಟ್ಟಿಗೆಗಳ ಹತ್ತಿರ. ಮುಚ್ಚಳ ತೆಗೆಯುವುದಿಲ್ಲ. ಬಾಗಿಲಲ್ಲಿ ಕೂತು ನೋಡುತ್ತೇನೆ ಅಷ್ಟೆ. ಹುಳಗಳು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರೆ ರಾಣಿ ಮೊಟ್ಟೆ ಇಡುತ್ತಿದ್ದಾಳೆ, ಮರಿಗಳಿವೆ ಎಂದರ್ಥ. ಬರಿಗಾಲಲ್ಲಿ ಬಂದು ಹೋಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ. ಆಮೇಲೆ ಸ್ಟ್ಯಾಂಡಿನ ಕಾಲಿನ ಕೆಳಗಿಟ್ಟ ಬಟ್ಟಲಿಗೆ ನೀರು ಹಾಕುವುದು. ಬಟ್ಟಲು ಒಣಗಿದರೆ ಅದೇ ರಾತ್ರಿ ಇರುವೆ ಹತ್ತಿತು ಎಂದೇ ತಿಳಿಯಿರಿ. ವಾರಕ್ಕೊಮ್ಮೆ ತೆಂಗಿನ ಸಿಪ್ಪೆಯ ಹೊಗೆ ಹಾಕಿ ಮುಚ್ಚಳ ತೆಗೆದು ನೋಡುವುದು. ಕಚ್ಚುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕಚ್ಚುತ್ತದೆ. ಹಸುವೂ ಒದೆಯುತ್ತದಲ್ಲ?

ನಾವು ಸಾಕುವುದು ತುಡುವೆ ಜೇನು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಕೂಡಿಸಲು ಬರುವುದಿಲ್ಲ, ಕೋಲುಜೇನಿಗೂ ಅಷ್ಟೆ. ಮರದ ಪೊಟರೆ, ಹುತ್ತ, ಕಲ್ಲಿನ ಸಂದಿಯಲ್ಲಿ ಸಾಲಾಗಿ ಎರಿ ಕಟ್ಟುವುದು ತುಡುವೆಯ ಸ್ವಭಾವ, ಆದ್ದರಿಂದ ಅದು ಪೆಟ್ಟಿಗೆಗೂ ಒಗ್ಗುತ್ತದೆ. ಎರಿಗಳ ನಡುವೆ ಹುಳ ಓಡಾಡುವಷ್ಟೇ ಜಾಗ ಬಿಟ್ಟರೆ ಅವು ಅದನ್ನು ಮುಚ್ಚುವುದಿಲ್ಲ ಎಂಬ ಗುಟ್ಟನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬುವರು 1851ರಲ್ಲಿ ಕಂಡುಕೊಂಡರು. ಅದೇ ಲೆಕ್ಕದಲ್ಲಿ ನಮ್ಮ ಸಣ್ಣ ಹುಳಕ್ಕೆ ಹೊಂದುವ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿ ಕಡೆಯ ನ್ಯೂಟನ್ ಎಂಬ ಪಾದ್ರಿಗಳು ಮಾಡಿಕೊಟ್ಟರು. ಇವತ್ತಿಗೂ ನಾವು ನ್ಯೂಟನ್ ಪೆಟ್ಟಿಗೆ ಎನ್ನುವುದು ಅದಕ್ಕೇ. ಕೆಳಗಿನದು ಸಂಸಾರ ಕೋಣೆ, ಅಲ್ಲಿ ರಾಣಿ, ಮೊಟ್ಟೆ, ಮರಿ. ಮೇಲಿನದು ಜೇನು ಕೋಣೆ. ಮೇಲಿನದು ನಮ್ಮ ಪಾಲು, ಕೆಳಗಿನದು ಅವರ ಪಾಲು. ಈ ಒಂದು ಮಾತನ್ನು ದಯಮಾಡಿ ನೆನಪಿನಲ್ಲಿಡಿ, ನನ್ನ ತಪ್ಪು ಇರುವುದು ಇಲ್ಲಿಯೇ.

ಜೇನು ಸಾಕುವವನಿಗೆ ಬರುವ ದೊಡ್ಡ ಸಂಕಟ ಕಡಿತವಲ್ಲ, ಖಾಲಿ ಪೆಟ್ಟಿಗೆ. ಮೊನ್ನೆ ತುಂಬಿದ ಮನೆಯಂತಿದ್ದದ್ದು ಇವತ್ತು ಮುಚ್ಚಳ ತೆಗೆದರೆ ಬಿಕೋ ಎನ್ನುತ್ತಿರುತ್ತದೆ. ಯಾಕೆ ಹೋಯಿತು, ಎಲ್ಲಿಗೆ ಹೋಯಿತು, ಹೇಳುವವರಿಲ್ಲ. ನಾನು ಮೊದಲು ಇದನ್ನು ಕಂಡದ್ದು ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗ. ನಮ್ಮ ಅಪ್ಪಯ್ಯನ ಆರು ಪೆಟ್ಟಿಗೆಗಳೂ ಒಂದೇ ವರ್ಷದಲ್ಲಿ ಖಾಲಿಯಾದವು. ದೃಷ್ಟಿಯಾಯಿತು ಎಂದು ಅಜ್ಜಿ ಪ್ರತಿ ಪೆಟ್ಟಿಗೆಗೂ ಒಂದೊಂದು ನಿಂಬೆಹಣ್ಣು ಕಟ್ಟಿದಳು. ಆದರೆ ಹೋಗಿದ್ದು ನಮ್ಮ ಮನೆಯದು ಮಾತ್ರವಲ್ಲ. 1991–92ರಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಅದು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ವೈರಸ್ಸಿನಿಂದ ಬರುವುದು, ದೊಡ್ಡ ಹುಳಕ್ಕಲ್ಲ, ಮರಿಗೆ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ, ನಮ್ಮ ಮಲೆನಾಡು ಎಲ್ಲ ಕಡೆ ಪೆಟ್ಟಿಗೆಯಲ್ಲಿದ್ದ ತುಡುವೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾಯಿತು. ಅದಕ್ಕೆ ಔಷಧಿಯಿಲ್ಲ. ಕಾಡಿನಲ್ಲಿ ರೋಗ ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಮುಂದೆ ಸಂತಾನ ಬೆಳೆದು ಬಂತು. ಅಪ್ಪಯ್ಯ ಆರೂ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಇಳಿಸಿದವನು ನಾನು. ನಮ್ಮದೇ ಹಿತ್ತಲ ಹುತ್ತದಿಂದ ಮೊದಲ ಕುಟುಂಬ ಹಿಡಿದು ಕೂರಿಸಿದೆ. ಅದರಿಂದ ಪಾಲು ಮಾಡುತ್ತಾ, ಕಾಡಿನಿಂದ ಒಂದೆರಡು ಹಿಡಿಯುತ್ತಾ 2018ರ ಹೊತ್ತಿಗೆ ಹನ್ನೊಂದು ಪೆಟ್ಟಿಗೆಯಾಗಿತ್ತು.

ಇನ್ನು ನನ್ನ ಕಥೆಗೆ ಬರುತ್ತೇನೆ.

2018ರಲ್ಲಿ ಅಧಿಕ ಜ್ಯೇಷ್ಠ ಬಂದಿತ್ತು. ಮೇ ತಿಂಗಳ ಕೊನೆಯಲ್ಲಿ ಮದುವೆ ಮುಂಜಿ ಇಲ್ಲ, ಕೈ ಬಿಡುವಿತ್ತು. ಆ ವರ್ಷ ನೇರಳೆ, ಮತ್ತಿ ಹೂವು ಚೆನ್ನಾಗಿ ಬಂದು ಎರಡು ಸಲ ಜೇನು ತೆಗೆದಾಗಿತ್ತು. ಅಷ್ಟಕ್ಕೆ ಬಿಡಬೇಕಿತ್ತು. ಪೇಟೆಯಿಂದ ಪರಿಚಯದವರೊಬ್ಬರು ಇನ್ನೂ ಹತ್ತು ಬಾಟಲಿ ಬೇಕೇ ಬೇಕು, ಕೇಳಿದಷ್ಟು ಕೊಡುತ್ತೇನೆ ಎಂದರು. ಮೇ 27, ಭಾನುವಾರ. ಮೇಲಿನ ಕೋಣೆಯಲ್ಲಿ ಹೆಚ್ಚೇನೂ ಇರಲಿಲ್ಲ. ಕೆಳಗಿನ ಸಂಸಾರ ಕೋಣೆಯ ಎರಿಗಳ ಮೇಲುಭಾಗದಲ್ಲಿ ಬಿಳಿಯ ಮೇಣ ಮುಚ್ಚಿದ ಜೇನು ಮಿರಮಿರ ಮಿಂಚುತ್ತಿತ್ತು. ಅದನ್ನೂ ತೆಗೆದೆ. ಎಂಟು ಪೆಟ್ಟಿಗೆ ಮುಗಿಯುವಷ್ಟರಲ್ಲಿ ಗುಡುಗು ಸಿಡಿಲು ಮಳೆ ಬಂತು. ಮೂರು ಪೆಟ್ಟಿಗೆ ಹಾಗೇ ಉಳಿಯಿತು. ನಾಳೆ ತೆಗೆದರಾಯಿತು ಎಂದೆ. ಮಾರನೆಯ ದಿನವೂ ಮಳೆ, ಆಮೇಲೆ ಮಳೆಗಾಲವೇ ಹಿಡಿಯಿತು.

2018ರ ಮಳೆ ಹೇಗಿತ್ತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೊಡಗಿನಲ್ಲಿ ಗುಡ್ಡಗಳೇ ಜರಿದ ವರ್ಷ. ಜೂನ್ ಕೊನೆಗೆ ಒಂದು ಪೆಟ್ಟಿಗೆ ಖಾಲಿ. ಜುಲೈಯಲ್ಲಿ ಒಂದರ ಹಿಂದೆ ಒಂದು. ಆಷಾಢ ಮುಗಿಯುವ ಹೊತ್ತಿಗೆ ಹನ್ನೊಂದರಲ್ಲಿ ನಾಲ್ಕು ಉಳಿದವು.

ಆ ಜುಲೈಯಲ್ಲಿಯೇ ನಮ್ಮ ಪಕ್ಕದ ತೋಟದ ಅಣ್ಣ ಅವರ ಶುಂಠಿ ಹೊಲಕ್ಕೆ ಔಷಧಿ ಹೊಡೆಸಿದ್ದರು. ನಾನು ಕಣ್ಣಾರೆ ನೋಡಿದ್ದೆ. ಅವರು ಔಷಧಿ ಹೊಡೆಸಿದ ವಾರದಲ್ಲಿಯೇ ನನ್ನ ಎರಡು ಪೆಟ್ಟಿಗೆ ಹೋಗಿದ್ದವು. ಇನ್ನೇನು ಬೇಕು? ಮರುದಿನ ಬೆಳಿಗ್ಗೆ ಡೈರಿಯ ಅಂಗಳದಲ್ಲಿ, ಅವರು ಹಾಲು ಹಾಕಿ ತಿರುಗುವ ಹೊತ್ತಿಗೆ, ಬಾಯಿಗೆ ಬಂದಂತೆ ಅಂದುಬಿಟ್ಟೆ. "ನಿನ್ನ ಶುಂಠಿಗೋಸ್ಕರ ನನ್ನ ಹುಳ ಎಲ್ಲ ಕೊಂದೆಯಲ್ಲೋ, ನಿನಗೆ ಒಳ್ಳೇದಾಗ್ತದಾ?" ಎಂದೆ. ನನಗಿಂತ ಹತ್ತು ವರ್ಷ ಹಿರಿಯರು ಅವರು. ಅವತ್ತಿನವರೆಗೆ ಏಕವಚನದಲ್ಲಿ ಮಾತಾಡಿದವನಲ್ಲ ನಾನು. ಅವರು ಏನೂ ಹೇಳಲಿಲ್ಲ. ಕ್ಯಾನು ಹಿಡಿದುಕೊಂಡು ಹೋದರು. ಅಲ್ಲಿಂದ ಹದಿನಾಲ್ಕು ತಿಂಗಳು ನಮಗೆ ಮಾತಿಲ್ಲ. ನಡುವಿನ ಕಾಲುವೆಯ ಹೂಳು ತೆಗೆಯುವುದೂ ನಿಂತಿತು. ಎರಡೂ ತೋಟಕ್ಕೆ ನೀರು ನುಗ್ಗಿತು.

2019ರ ದೀಪಾವಳಿಗೆ ಮನೆ ಗುಡಿಸುವಾಗ ನಮ್ಮ ಮನೆಯಾಕೆಗೆ ಡೈರಿಯ ಹಳೆಯ ಪಾಸ್‌ಬುಕ್ ಒಂದು ಸಿಕ್ಕಿತು. ಅದರ ಹಿಂದಿನ ಖಾಲಿ ಹಾಳೆಯಲ್ಲಿ ಆಕೆ ಜೇನು ತೆಗೆದ ಲೆಕ್ಕ ಬರೆದಿಟ್ಟಿದ್ದಳು. ಯಾವ ತಾರೀಖು, ಎಷ್ಟನೇ ನಂಬರಿನ ಪೆಟ್ಟಿಗೆ, ಎಷ್ಟು ಬಾಟಲಿ. ಸುಮ್ಮನೆ ಓದುತ್ತಾ ಹೋದಳು. ಮೇ 27ಕ್ಕೆ ತೆಗೆದ ಪೆಟ್ಟಿಗೆಗಳ ನಂಬರು ಕೇಳುತ್ತಿದ್ದಂತೆ ನನ್ನ ಕೈಯಲ್ಲಿದ್ದ ಪೊರಕೆ ನಿಂತಿತು. ಖಾಲಿಯಾದ ಏಳೂ ಪೆಟ್ಟಿಗೆ ಆ ಎಂಟರಲ್ಲಿಯೇ ಇದ್ದವು. ಮಳೆ ಬಂದು ತಪ್ಪಿಸಿಕೊಂಡ ಮೂರೂ ಉಳಿದಿದ್ದವು. ಶುಂಠಿ ಹೊಲಕ್ಕೆ ತೀರಾ ಹತ್ತಿರ ಇದ್ದದ್ದು ಉಳಿದ ಆ ಮೂರರಲ್ಲಿ ಒಂದು! ವಿಷದಿಂದ ಹೋಗುವುದಿದ್ದರೆ ಅದೇ ಮೊದಲು ಹೋಗಬೇಕಿತ್ತು.

ಆಮೇಲೆ ಒಂದೊಂದೇ ನೆನಪಾಯಿತು. ವಿಷದಿಂದ ಸತ್ತರೆ ಪೆಟ್ಟಿಗೆಯ ಮುಂದೆ ಹುಳಗಳ ರಾಶಿ ಬೀಳುತ್ತದೆ. ಕೆಲವು ನಾಲಿಗೆ ಹೊರಚಾಚಿ ಸತ್ತಿರುತ್ತವೆ, ಕೆಲವು ನಡುಗುತ್ತಾ ತೆವಳುತ್ತಿರುತ್ತವೆ. ನನ್ನ ಪೆಟ್ಟಿಗೆಯ ಮುಂದೆ ರಾಶಿ ಇರಲಿಲ್ಲ. ಒಳಗೆ ಎರಿ ಒಣಗಿ ಹಗುರಾಗಿತ್ತು, ಒಂದು ತೊಟ್ಟು ಜೇನಿಲ್ಲ, ಮರಿಯಿಲ್ಲ. ಎರಡು ಪೆಟ್ಟಿಗೆಯಲ್ಲಿ ಒಂದು ಹಿಡಿಯಷ್ಟು ಹುಳ ಕಣಗಳೊಳಗೆ ತಲೆ ತೂರಿಸಿಕೊಂಡೇ ಸತ್ತಿದ್ದವು. ಪಾತ್ರೆಯ ತಳ ನೆಕ್ಕುವ ಮಕ್ಕಳ ಹಾಗೆ. ಅದು ಹಸಿವಿನ ಸಾವು. ಉಳಿದವು ಸಾಯುವ ಮೊದಲೇ ಮನೆ ಬಿಟ್ಟು ಪರಾರಿಯಾಗಿದ್ದವು. ಇದನ್ನೆಲ್ಲ ನಾನು 2018ರಲ್ಲೇ ಕಣ್ಣಿಂದ ಕಂಡಿದ್ದೆ. ಆದರೆ ಕಾರಣ ಗೊತ್ತಿದೆ ಎಂದುಕೊಂಡವನು ಕಾರಣ ಹುಡುಕುವುದಿಲ್ಲ.

ಮಾರನೆಯ ದಿನ ಅವರ ಮನೆಗೆ ಹೋದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಣ್ಣಾ, ತಪ್ಪಾಯ್ತು. ಹುಳ ಕೊಂದಿದ್ದು ನಾನೇ" ಎಂದೆ. ಅವರು ತಲೆ ಎತ್ತಿ ನೋಡಿ, "ಕೂತ್ಕೋ ಮಾರಾಯಾ" ಎಂದರು. ಒಳಗಿನಿಂದ ಅತ್ತಿಗೆ ಕಾಫಿ ತಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಕಾಲುವೆ ಹೂಳು ಯಾವತ್ತು ತೆಗೆಯೋಣ?" ಎಂದು ಕೇಳಿದರು. ಅಷ್ಟೇ ನಡೆದದ್ದು. ಅವರು ಈ ಸಭೆಯಲ್ಲಿ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಬಂಧುಗಳೇ, ಈ ಖಾಲಿ ಪೆಟ್ಟಿಗೆಯ ಒಗಟು ನಮಗೆ ಮಾತ್ರ ಬಂದದ್ದಲ್ಲ. ನಮಗೆ ಮಳೆಗಾಲ ಹೇಗೋ, ಚಳಿ ದೇಶದವರಿಗೆ ಚಳಿಗಾಲ ಹಾಗೆ. ಅಲ್ಲಿ ತಿಂಗಳುಗಟ್ಟಲೆ ಹಿಮ, ಹೂವಿಲ್ಲ. ಹುಳಗಳು ಒಂದಕ್ಕೊಂದು ಒತ್ತಿಕೊಂಡು ಉಂಡೆಯಾಗಿ, ಮೈ ನಡುಗಿಸಿ ಶಾಖ ಹುಟ್ಟಿಸಿಕೊಂಡು, ಕೂಡಿಟ್ಟ ಜೇನು ತಿಂದು ಬದುಕುತ್ತವೆ. ಒಂದು ಕುಟುಂಬಕ್ಕೆ ಇಪ್ಪತ್ತು ಕಿಲೋಗೂ ಮೇಲೆ ಜೇನು ಬಿಡಬೇಕಾಗುತ್ತದೆ. 2006–07ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಸಾಕಿದ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೋದವು. ಎಷ್ಟೋ ಪೆಟ್ಟಿಗೆಯಲ್ಲಿ ಜೇನಿತ್ತು, ಮರಿಯಿತ್ತು, ರಾಣಿಯೂ ಇದ್ದಳು, ಕೆಲಸಗಾರ ಹುಳಗಳು ಮಾತ್ರ ಮಾಯ! ಔಷಧಿ ಅಂದರು, ಮೊಬೈಲ್ ಟವರ್ ಅಂದರು, ರೋಗ ಅಂದರು. ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ ಒಂದೇ ಕಾರಣ ಅಲ್ಲ ಎಂದರು. ನುಸಿ, ವೈರಸ್, ಕೀಟನಾಶಕ, ಸಾಲದ ಮೇವು ಎಲ್ಲ ಸೇರಿದ್ದು ಎಂದರು. ಕೀಟನಾಶಕದ ಮಾತು ಸುಳ್ಳಲ್ಲ. ಹುಳಕ್ಕೆ ಕೇಡೆಂದು ಇಮಿಡಾಕ್ಲೋಪ್ರಿಡ್ ಸೇರಿ ಮೂರು ಔಷಧಿಗಳನ್ನು ಬಯಲಿನ ಬೆಳೆಗೆ ಬಳಸದಂತೆ ಯುರೋಪಿನ ಒಕ್ಕೂಟ 2018ರಲ್ಲಿ ತಡೆಯಿತು.

ಆ ನುಸಿಯ ಹೆಸರು ವರೋವಾ. ದನಕ್ಕೆ ಉಣುಗು ಹತ್ತಿದ ಹಾಗೆ ಹುಳಕ್ಕೆ ಹತ್ತುತ್ತದೆ. ಅದು ಮೂಲದಲ್ಲಿ ನಮ್ಮ ತುಡುವೆಯ ಜಾತಿಯ ಹುಳದ ಮೇಲಿದ್ದದ್ದು. ತುಡುವೆ ಅದನ್ನು ಮೈಯಿಂದ ಕೆರೆದು ಹಾಕುತ್ತದೆ, ಹೆಚ್ಚಾಗಿ ಗಂಡು ಮರಿಯ ಕಣದಲ್ಲಷ್ಟೇ ಅದರ ಸಂತಾನ ಬೆಳೆಯುತ್ತದೆ. ಹಾಗಾಗಿ ಎರಡೂ ಹೊಂದಿಕೊಂಡು ಬಂದಿವೆ. ಯುರೋಪಿನ ಹುಳಕ್ಕೆ ದಾಟಿದಾಗ ಆ ಹುಳಕ್ಕೆ ಈ ವಿದ್ಯೆ ತಿಳಿಯದು. ಸಾಮಾನ್ಯ ಕಾಲದ ಕೆಲಸಗಾರ ಹುಳದ ಆಯಸ್ಸು ಆರು ವಾರ. ಚಳಿಗಾಲ ದಾಟಿಸುವ ಹುಳ ಐದಾರು ತಿಂಗಳು ಬದುಕಬೇಕು, ಅದು ಹುಟ್ಟುವುದು ಚಳಿಗೆ ಮುಂಚೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನುಸಿ ಹತ್ತಿ ಆ ಮರಿಗಳು ಸೊರಗಿದರೆ ಪೆಟ್ಟಿಗೆ ಬೀಳುವುದು ಜನವರಿಯಲ್ಲಿ. ಸಾವು ಜನವರಿಯದು, ಕಾರಣ ಆಗಸ್ಟಿನದು. ನನ್ನ ಪೆಟ್ಟಿಗೆಗಳೂ ಹಾಗೆಯೇ. ಖಾಲಿಯಾದದ್ದು ಜುಲೈಯಲ್ಲಿ, ನಾನು ಅವನ್ನು ಖಾಲಿ ಮಾಡಿದ್ದು ಮೇ 27ಕ್ಕೆ.

ಇಲ್ಲಿ ಹಸು ಸಾಕುವವರೇ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕೂ ಮೊಲೆಯ ಹಾಲನ್ನು ಕೊನೆಯ ತೊಟ್ಟಿನವರೆಗೆ ಹಿಂಡಿ ಡೈರಿಗೆ ಹಾಕಿದರೆ ಆ ತಿಂಗಳ ಬಿಲ್ಲು ಚೆನ್ನಾಗಿ ಬರುತ್ತದೆ. ಕರು ಬಡವಾಗಿ ಸತ್ತದ್ದು ಆಮೇಲೆ ಗೊತ್ತಾಗುತ್ತದೆ. ಆಗ ನಾವು ಹಿಂಡಿಯನ್ನು ಬೈಯುತ್ತೇವೆ, ಡಾಕ್ಟರನ್ನು ಬೈಯುತ್ತೇವೆ, ದೃಷ್ಟಿ ಎನ್ನುತ್ತೇವೆ.

ಈಗ ನಾನು ಪಾಲಿಸುವ ನಾಲ್ಕು ಕ್ರಮ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆ ಇಟ್ಟವರಿಗೆ ಉಪಯೋಗಕ್ಕೆ ಬಂದೀತು.

ಒಂದು, ಸಂಸಾರ ಕೋಣೆಯ ಜೇನನ್ನು ಮುಟ್ಟಬಾರದು. ಮಳೆ ಹತ್ತಿರ ಬಂದ ಮೇಲೆ ಮೇಲಿನ ಕೋಣೆಯದನ್ನೂ ಪೂರ್ತಿ ತೆಗೆಯಬಾರದು. ಯಾರು ಎಷ್ಟೇ ದುಡ್ಡು ಕೊಡುತ್ತೇನೆಂದರೂ ಸರಿಯೇ.

ಎರಡು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆಯ ಹಿಂಬದಿ ಒಂದು ಬೆರಳಷ್ಟು ಎತ್ತಿ ಭಾರ ನೋಡಬೇಕು. ಹಗುರಾಗಿದ್ದರೆ ಸಮ ಸಮ ಸಕ್ಕರೆ ಮತ್ತು ನೀರು ಕಾಸಿ ಆರಿಸಿದ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯ ಒಳಗಿಡಬೇಕು. ಹಗಲು ಇಟ್ಟರೆ, ಹೊರಗೆ ಚೆಲ್ಲಿದರೆ ಬೇರೆ ಪೆಟ್ಟಿಗೆಯ ಹುಳ ದರೋಡೆಗೆ ಬರುತ್ತವೆ. ಬೆಲ್ಲದ ಪಾಕ ಬೇಡ, ಹುಳಕ್ಕೆ ಭೇದಿಯಾಗುತ್ತದೆ. ಹೂ ಬಿಟ್ಟ ಮೇಲೆ ಪಾಕ ನಿಲ್ಲಿಸಬೇಕು. ಪಾಕ ಸೇರಿದ ಜೇನನ್ನು ಜೇನೆಂದು ಮಾರುವುದು ಹಾಲಿಗೆ ನೀರು ಹಾಕಿದಷ್ಟೇ ಪಾಪ.

ಮೂರು, ಪೆಟ್ಟಿಗೆ ಖಾಲಿಯಾದರೆ ಬೈಯುವ ಮೊದಲು ಓದಬೇಕು. ಮುಂದೆ ಹುಳದ ರಾಶಿಯಿದ್ದರೆ ವಿಷ. ಕಣದಲ್ಲಿ ತಲೆ ತೂರಿಸಿ ಸತ್ತಿದ್ದರೆ ಹಸಿವು. ಮರಿಗಳು ದೋಣಿಯಂತೆ ಬಾಗಿ, ತಲೆ ಚೂಪಾಗಿ, ನೀರು ತುಂಬಿದ ಚೀಲದಂತಾಗಿದ್ದರೆ ಸ್ಯಾಕ್‌ಬ್ರೂಡ್. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಬರೀ ಗಂಡು ಮರಿ ಇದ್ದರೆ ರಾಣಿ ಹೋಗಿ ಬಹಳ ದಿನವಾಗಿದೆ. ಎರಿಯ ತುಂಬ ಬಲೆ ಕಟ್ಟಿದ ಮೇಣದ ಹುಳು ಕಂಡರೆ ಅದೇ ಕೊಂದಿತು ಎನ್ನಬೇಡಿ. ಹೆಚ್ಚಾಗಿ ಅದು ಯಜಮಾನ ಬಡವಾದ ಮನೆಗೆ ನುಗ್ಗಿದ ಕಳ್ಳ.

ನಾಲ್ಕು, ಬರೆದಿಡಬೇಕು. ನಮ್ಮ ಡೈರಿಯಲ್ಲಿ ಇಪ್ಪತ್ತೈದು ವರ್ಷದಿಂದ ಒಂದೊಂದು ಹೊತ್ತಿನ ಹಾಲೂ ಪುಸ್ತಕದಲ್ಲಿದೆ. ಅದರಿಂದಲೇ ಜಗಳ ಬಂದರೂ ಬಗೆಹರಿಯುತ್ತದೆ. ನನ್ನ ಜಗಳ ಬಗೆಹರಿಸಿದ್ದೂ ಒಂದು ಹಳೆಯ ಪಾಸ್‌ಬುಕ್ಕಿನ ಹಿಂದಿನ ಹಾಳೆಯೇ.

ಸಂಘಕ್ಕೆ ನನ್ನದೊಂದು ಕೋರಿಕೆ ಇದೆ. ಹಾಲಿನ ದರ ಬರೆಯುವ ಕಪ್ಪು ಹಲಗೆಯ ಕೆಳಗೆ ಒಂದು ಮೂಲೆ ಖಾಲಿಯಿದೆ. ನಾಳೆ ಹೊಲಕ್ಕೆ ಔಷಧಿ ಹೊಡೆಯುವವರು ಹಿಂದಿನ ದಿನ ಸಂಜೆ ಅಲ್ಲಿ ಹೆಸರು ಬರೆಯಲಿ. ಪೆಟ್ಟಿಗೆ ಇರುವವರು ಅದನ್ನು ನೋಡಿ ಬಾಗಿಲು ಕಟ್ಟಿಕೊಳ್ಳುತ್ತಾರೆ. ಆದಷ್ಟು ಹೂವಿರುವ ಬೆಳೆಗೆ ಹೊಡೆಯುವುದು ಬೇಡ. ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ ಸಂಜೆ ಹೊಡೆಯಲಿ. ಪಕ್ಕದ ತೋಟದ ಅಣ್ಣ ಈಗ ನನಗೆ ಮುಂಚಿತವಾಗಿ ಹೇಳಿಯೇ ಹೊಡೆಸುತ್ತಾರೆ. ಅವರು ನನಗೆ ಮಾಡುವುದನ್ನು ನಾವೆಲ್ಲರೂ ಒಬ್ಬರಿಗೊಬ್ಬರು ಮಾಡಿದರೆ ಅದೇ ಸಹಕಾರ.

ಈಗ ನನ್ನಲ್ಲಿ ಒಂಬತ್ತು ಪೆಟ್ಟಿಗೆ ಇವೆ. ಮಳೆಗಾಲದಲ್ಲಿ ಒಂದೋ ಎರಡೋ ಈಗಲೂ ಹೋಗುತ್ತವೆ. ದೀಪಾವಳಿ ಕಳೆದು ಬಿಸಿಲು ಬಂದಾಗ ಉಳಿದವನ್ನು ಪಾಲು ಮಾಡಿ ತುಂಬಿಸಿಕೊಳ್ಳುತ್ತೇನೆ. ಮೊದಲಿನಷ್ಟು ಜೇನು ಬರುವುದಿಲ್ಲ, ಯಾಕೆಂದರೆ ಮೊದಲಿನಷ್ಟು ತೆಗೆಯುವುದಿಲ್ಲ. ಹೊಸ ಜೇನಿನ ಮೊದಲ ಬಾಟಲಿ ಪ್ರತಿ ವರ್ಷ ಪಕ್ಕದ ಮನೆಗೆ ಹೋಗುತ್ತದೆ.